‘ಮುಟ್ಟಬೇಡ’ ಅಂದರೆ ‘ಹತ್ತಿರ ಬರಬೇಡ’ ಅಂತಲ್ಲ ಎಂದು ಮಗುವಿಗೆ ಹೇಗೆ ಹೇಳಲಿ?

ಇಬ್ಬನಿ

ಎಲ್ಲರಿಗೂ ನಮಸ್ಕಾರ. ಉದ್ದವಾಗಿದೆ, ಸ್ವಲ್ಪ ತಾಳ್ಮೆಯಿಂದ ಓದಿ. ಬಲಗೈಯಲ್ಲಿ ಮಾತ್ರ ಟೈಪ್ ಮಾಡೋದರಿಂದ ಎರಡು ದಿನ ಬಿಟ್ಟು ಬಿಟ್ಟು ಬರೆದದ್ದು.

ಹದಿನಾಲ್ಕು ತಿಂಗಳ ಹಿಂದೆ ಎಡ ಮಣಿಕಟ್ಟಿನ ಮೂಳೆ ಮುರೀತು. ಆರು ವಾರ ಪ್ಲಾಸ್ಟರ್. ಮೂಳೆ ಚೆನ್ನಾಗಿಯೇ ಕೂಡಿಕೊಂಡಿದೆ, ಎಕ್ಸ್‌ರೇ ನೋಡಿದವರೆಲ್ಲ ಹಾಗೇ ಹೇಳ್ತಾರೆ. ಆದರೆ ನೋವು ಹೋಗಲಿಲ್ಲ, ಅದರ ಜಾತಿ ಬದಲಾಯಿತು. ಕೈ ಒಮ್ಮೆ ಕೆಂಪಗೆ ಊದಿ ಬಿಸಿಯಾಗಿರುತ್ತೆ, ಒಂದು ಗಂಟೆ ಬಿಟ್ಟು ನೋಡಿದರೆ ನೀಲಿಗಟ್ಟಿ ತಣ್ಣಗಿರುತ್ತೆ. ಅಂಗಿಯ ತೋಳು ತಾಗಿದರೆ ಉರಿ, ಫ್ಯಾನ್ ಗಾಳಿ ಬಿದ್ದರೆ ಉರಿ. ನಲ್ಲಿಯ ತಣ್ಣೀರು ಬಿದ್ದರೆ ಗಾಜಿನ ಚೂರು ಚುಚ್ಚಿದ ಹಾಗೆ. ಯಾರಾದರೂ ಬಾಗಿಲು ದಢಾರನೆ ಹಾಕಿದರೆ ಆ ಅದುರುವಿಕೆ ಕೂಡ ಕೈಯೊಳಗೆ ಇಳಿಯುತ್ತೆ. ಇದನ್ನು ಹೇಳಿದರೆ ಮನೆಯವರೇ ಮುಖ ಮುಖ ನೋಡಿಕೊಳ್ತಾರೆ. ಮೂರನೇ ಡಾಕ್ಟರ್ ಇದಕ್ಕೊಂದು ಹೆಸರು ಕೊಟ್ಟರು: ಸಿಆರ್‌ಪಿಎಸ್, ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್.

ನಾನು ಕೇಳೋಕೆ ಬಂದದ್ದು ಔಷಧಿ ವಿಚಾರ ಅಲ್ಲ. ನನ್ನ ಮಗಳಿಗೆ ಆರು ವರ್ಷ. ಕಳೆದ ತಿಂಗಳು ಶಾಲೆಯಿಂದ ಓಡಿ ಬಂದು ನನ್ನ ತೋಳಿಗೆ ಜೋತುಬಿದ್ದಳು. ನಾನು ಕಿರುಚಿ ಅವಳನ್ನು ತಳ್ಳಿಬಿಟ್ಟೆ. ಅವಳಿಗೆ ಪೆಟ್ಟಾಗಲಿಲ್ಲ. ಆದರೆ ಅವತ್ತಿನಿಂದ ನನ್ನ ಹತ್ತಿರ ಬರುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರ್ತಾಳೆ. ಅದನ್ನು ನೋಡೋದು ನನಗೆ ಕೈ ನೋವಿಗಿಂತ ಕಷ್ಟ. ಇಂಥ ಪರಿಸ್ಥಿತಿಯಲ್ಲಿ ಮಕ್ಕಳನ್ನು ಬೆಳೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಡುರಾತ್ರಿ

ತಂಗೀ, ನನಗೀಗ 63. ನಾಲ್ಕು ವರ್ಷದ ಹಿಂದೆ ಬಲ ಪಕ್ಕೆಗೆ ಸರ್ಪಸುತ್ತು ಬಂತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು, ನೋವು ಉಳಿಯಿತು. ಗುಳ್ಳೆ ಬಂದು 90 ದಿನ ಕಳೆದ ಮೇಲೂ ನೋವಿದ್ದರೆ ಅದನ್ನು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯ ಅನ್ನುತ್ತಾರೆ. ಅಂಗೈ ಅಗಲದ ಚರ್ಮ, ಅಷ್ಟೇ. ಆ ಅಂಗೈ ಅಗಲ ನನ್ನ ಇಡೀ ದಿನವನ್ನು ತೀರ್ಮಾನಿಸುತ್ತದೆ.

ಒಂದು ವಿಚಿತ್ರ ಹೇಳುತ್ತೇನೆ, ನಿಮ್ಮ ಕೈಗೂ ಹೀಗೇ ಇದೆಯೇ ನೋಡಿ. ಸಡಿಲ ಅಂಗಿ ಹಾಕಿದರೆ ಅದು ಅತ್ತಿತ್ತ ಸವರಿ ಜೀವ ತೆಗೆಯುತ್ತದೆ. ಮೈಗೆ ಅಂಟುವ ಬನಿಯನ್ ಹಾಕಿದರೆ ತಡೆದುಕೊಳ್ಳಬಹುದು. ಮೊದಮೊದಲು ಎಲ್ಲರೂ ‘ಗಾಳಿಯಾಡುವ ಹಾಗೆ ಸಡಿಲವಾಗಿ ಹಾಕಿಕೊಳ್ಳಿ’ ಅಂದರು, ನಾನೂ ಎರಡು ವರ್ಷ ಹಾಗೇ ಮಾಡಿ ನರಳಿದೆ. ಹಗುರವಾಗಿ ಸರಿದಾಡುವುದೇ ನನಗೆ ವೈರಿ. ಗಟ್ಟಿಯಾಗಿ ಒತ್ತಿ ಅಲ್ಲಾಡದೆ ಕೂತದ್ದು ಅಷ್ಟಲ್ಲ.

ಎಳೆಬಿಸಿಲು

ನಡುರಾತ್ರಿ ಸರ್ ಹೇಳಿದ್ದು ವಿಚಿತ್ರ ಅಲ್ಲವೇ ಅಲ್ಲ. ನಾನು ನರವಿಜ್ಞಾನ ಓದುತ್ತಿದ್ದೇನೆ (ಡಾಕ್ಟರ್ ಅಲ್ಲ), ಅಮ್ಮನಿಗೂ ನರದ ನೋವಿದೆ, ಹಾಗಾಗಿ ಇದು ನನಗೆ ಬರೀ ಪಾಠ ಅಲ್ಲ.

ನೋವೇ ಆಗಬಾರದ ಸ್ಪರ್ಶದಿಂದ ನೋವಾಗೋದಕ್ಕೆ ಅಲೋಡೈನಿಯ ಅಂತ ಹೆಸರು. ಸೂಜಿ ಚುಚ್ಚಿದಾಗ ಎಲ್ಲರಿಗಿಂತ ಹತ್ತು ಪಟ್ಟು ನೋವಾದರೆ ಅದು ಹೈಪರಾಲ್ಜೀಸಿಯ. ಎರಡೂ ಬೇರೆ. ಅಲೋಡೈನಿಯದಲ್ಲೂ ಬಗೆಗಳಿವೆ: ಸವರಿದರೆ ನೋಯೋದು, ಒತ್ತಿದರೆ ನೋಯೋದು, ತಂಪು ತಾಗಿದರೆ, ಬಿಸಿ ತಾಗಿದರೆ. ಒಬ್ಬರಿಗೆ ಒಂದಿದ್ದು ಇನ್ನೊಂದು ಇಲ್ಲದೆ ಇರಬಹುದು. ಹಾಗಾಗಿ ‘ಮುಟ್ಟಿದರೆ ನೋಯುತ್ತೆ’ ಅಂತ ಒಂದೇ ಮಾತಲ್ಲಿ ಹೇಳೋದಕ್ಕಿಂತ ಯಾವ ಥರ ಮುಟ್ಟಿದರೆ ಅಂತ ಗುರುತಿಸಿಕೊಂಡರೆ ಮನೆಯಲ್ಲೂ ಡಾಕ್ಟರ್ ಹತ್ತಿರವೂ ಮಾತು ಸುಲಭ.

ಇದು ಯಾಕೆ ಆಗುತ್ತೆ? ಮೃದು ಸ್ಪರ್ಶವನ್ನು ಒಯ್ಯುವ ನರತಂತು ಬೇರೆ, ನೋವನ್ನು ಒಯ್ಯುವ ಸಣ್ಣ ತಂತು ಬೇರೆ. ಎರಡೂ ಬೆನ್ನುಹುರಿಗೆ ಬಂದು ಸೇರುತ್ತವೆ. ತುಂಬಾ ದಿನ ನೋವಿನ ಸುದ್ದಿ ಬರುತ್ತಲೇ ಇದ್ದರೆ ಬೆನ್ನುಹುರಿಯ ಆ ಜಾಗವೇ ಚುರುಕಾಗಿಬಿಡುತ್ತೆ, ಆಮೇಲೆ ಮೃದು ಸ್ಪರ್ಶದ ಸುದ್ದಿಯನ್ನೂ ನೋವಿನ ದಾರಿಗೆ ಹಾಕುತ್ತೆ. ಇದನ್ನು 1983ರಲ್ಲಿ ಕ್ಲಿಫರ್ಡ್ ವುಲ್ಫ್ ಪ್ರಯೋಗದಲ್ಲಿ ತೋರಿಸಿದರು. ಅಂದರೆ ಪೆಟ್ಟು ಬಿದ್ದ ಜಾಗ ವಾಸಿಯಾದರೂ ಸುದ್ದಿ ಓದುವ ಜಾಗ ಹಳೇ ಸ್ಥಿತಿಗೆ ಬಂದಿರೋದಿಲ್ಲ. ಎಕ್ಸ್‌ರೇಯಲ್ಲಿ ಇದು ಕಾಣೋದು ಸಾಧ್ಯವೇ ಇಲ್ಲ.

ಬಾಗಿಲ ಸದ್ದಿನ ವಿಷಯ ಅಕ್ಕಾ, ದಯವಿಟ್ಟು ಅದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರನ್ನು ನೋಡಿಕೊಂಡ ಸೈಲಾಸ್ ವೀರ್ ಮಿಚೆಲ್ ಎಂಬ ವೈದ್ಯರು 1864ರಿಂದಲೇ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಆ ಸೈನಿಕರು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು, ಒಣ ಚರ್ಮ ಉಜ್ಜಿದರೆ ತಡೆಯಲಾಗದೆ ಬೂಟಿನೊಳಗೆ ನೀರು ಸುರಿದುಕೊಂಡವರೂ ಇದ್ದರು. ಕಾಗದದ ಸರಸರ ಸದ್ದಿಗೂ ನೋವು ಏರುತ್ತಿತ್ತು. ನಿಮ್ಮದು ಹೊಸ ಕಥೆ ಅಲ್ಲ, ಕಲ್ಪನೆಯಂತೂ ಅಲ್ಲ.

ಇಬ್ಬನಿ

ಒದ್ದೆ ಬಟ್ಟೆ ಸುತ್ತಿಕೊಂಡ ಸೈನಿಕರ ವಿಷಯ ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಹದಿನಾಲ್ಕು ತಿಂಗಳಲ್ಲಿ ಬಾಗಿಲ ಸದ್ದಿನ ವಿಷಯಕ್ಕೆ ‘ಹೌದು’ ಅಂದವರು ನೀವೇ ಮೊದಲು. ನನ್ನದೂ ಸವರುವ ನೋವೇ. ಬಲಗೈಯಿಂದ ಎಡಗೈಯನ್ನು ಗಟ್ಟಿ ಹಿಡಿದುಕೊಂಡರೆ ಅಷ್ಟು ಆಗಲ್ಲ. ಇಷ್ಟು ದಿನ ಇದನ್ನು ಗಮನಿಸಿಯೇ ಇರಲಿಲ್ಲ.

ಜೊತೆಗಾರ

ನಾನು ರೋಗಿ ಅಲ್ಲ, ಗಂಡ. ನನ್ನ ಹೆಂಡತಿಗೆ ಫೈಬ್ರೋಮಯಾಲ್ಜಿಯ (ಮೈಯೆಲ್ಲಾ ನೋಯೋ, ದೀರ್ಘಕಾಲ ಕಾಡೋ ಕಾಯಿಲೆ), ಒಂಬತ್ತು ವರ್ಷ ಆಯ್ತು. ಮೊದಲ ಎರಡು ವರ್ಷ ಅದಕ್ಕೆ ಹೆಸರೂ ಇರಲಿಲ್ಲ.

ನನ್ನ ತಪ್ಪು ಹೇಳ್ತೀನಿ. ಅವಳು ನೋವಿನಲ್ಲಿದ್ದಾಗ ನಾನು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ನಮಗೆ ಗೊತ್ತಿರೋ ಸಮಾಧಾನ ಅದೇ ತಾನೇ? ಅವಳು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದಳು. ನನಗೆ ಬೇಜಾರಾಗಬಾರದು ಅಂತ ಎರಡು ವರ್ಷ ಹೇಳಲೇ ಇಲ್ಲ. ಒಂದು ದಿನ ತಡೆಯಲಾಗದೆ ಕೈ ತೆಗೆಯಿರಿ ಅಂತ ಚೀರಿದಳು. ಎದ್ದು ಬೇರೆ ಕೋಣೆಗೆ ಹೋದೆ. ಆರು ತಿಂಗಳು ನಾನು ಅವಳನ್ನು ಮುಟ್ಟಲೇ ಇಲ್ಲ. ನೋಯಿಸಬಾರದು ಅಂತ ನಾನು ಅಂದುಕೊಂಡೆ, ಬೇಡವಾದೆ ಅಂತ ಅವಳು ಅಂದುಕೊಂಡಳು.

ನಿಮ್ಮ ಮಗಳು ಕೈ ಹಿಂದೆ ಕಟ್ಟಿಕೊಂಡು ಬರುತ್ತಿರೋದು ಅದೇ ಅಮ್ಮಾ. ನಾನೂ ಹಾಗೇ ಇದ್ದೆ. ಅವಳು ನಿಮ್ಮಿಂದ ದೂರ ಹೋಗ್ತಿಲ್ಲ, ನಿಮ್ಮನ್ನು ಕಾಪಾಡ್ತಿದ್ದಾಳೆ.

ನಮ್ಮ ಮನೆಯಲ್ಲಿ ಬಂದ ಕ್ರಮ ಇಷ್ಟು. ನಾನು ಅಂಗೈ ಮೇಲೆ ಮಾಡಿ ಇಡ್ತೀನಿ, ಬೇಕಾದಾಗ ಅವಳು ತನ್ನ ಕೈ ಅದರ ಮೇಲೆ ಇಡ್ತಾಳೆ. ತಬ್ಬಿಕೊಳ್ಳೋದು ಯಾವಾಗಲೂ ಅವಳೇ, ನಾನು ಅಲ್ಲಾಡದೆ ನಿಂತಿರ್ತೀನಿ. ಹಿಂದಿನಿಂದ ಬಂದು ಮುಟ್ಟೋದು ಪೂರ್ತಿ ನಿಷಿದ್ಧ. ಏನೇ ಆದರೂ ಮೊದಲು ಮಾತು, ಆಮೇಲೆ ಕೈ. ಗೊತ್ತಿದ್ದು ಬರೋ ಸ್ಪರ್ಶಕ್ಕೂ ಗೊತ್ತಿಲ್ಲದೆ ಬೀಳೋ ಸ್ಪರ್ಶಕ್ಕೂ ಅವಳಿಗೆ ಅಜಗಜಾಂತರ.

ಮೆಲುಹೆಜ್ಜೆ

ನಾನು ಫಿಸಿಯೋಥೆರಪಿಸ್ಟ್. ಇಬ್ಬನಿ ಅವರೇ, ಮಗಳ ವಿಷಯಕ್ಕೆ ಜೊತೆಗಾರ ಅವರು ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆದರೆ ಒಂದು ಎಚ್ಚರಿಕೆ. ಸಿಆರ್‌ಪಿಎಸ್‌ನಲ್ಲಿ ಕೈಯನ್ನು ಪೂರ್ತಿ ಕಾಪಾಡಿ ಮುಚ್ಚಿಟ್ಟರೆ ಸೂಕ್ಷ್ಮತೆ ಕಡಿಮೆ ಆಗಲ್ಲ, ಹೆಚ್ಚುತ್ತೆ. ಬಳಸದ ಕೈ ಬಿಗಿಯುತ್ತೆ, ಮೆದುಳಿನಲ್ಲಿ ಆ ಕೈಯ ಚಿತ್ರವೂ ಮಸುಕಾಗುತ್ತೆ. ಸ್ಪರ್ಶವನ್ನು ಮತ್ತೆ ಅಭ್ಯಾಸ ಮಾಡಿಸಬೇಕು. ನೋವಿರುವ ಜಾಗದ ನಡುವಿನಿಂದ ಅಲ್ಲ, ಅಂಚಿನಿಂದ ಶುರು. ಮೊದಲು ರೇಷ್ಮೆ, ಆಮೇಲೆ ಹತ್ತಿ, ಆಮೇಲೆ ಟವೆಲ್. ಮಾಡುವವರು ನೀವೇ ಆಗಿರಬೇಕು, ಕೈಯನ್ನು ನೋಡುತ್ತಾ ಮಾಡಬೇಕು, ಒಂದೆರಡು ನಿಮಿಷ, ದಿನಕ್ಕೆ ಹಲವು ಸಲ.

ಐಸ್ ಮಾತ್ರ ಇಡಬೇಡಿ. ಊತ ಕಂಡ ಕೂಡಲೇ ಐಸ್ ಇಡೋದು ಎಲ್ಲರಿಗೂ ಅಭ್ಯಾಸ, ಸಿಆರ್‌ಪಿಎಸ್‌ಗೆ ಅದು ಒಳ್ಳೆಯದಲ್ಲ.

ನಡುರಾತ್ರಿ

ಮೆಲುಹೆಜ್ಜೆಯವರೇ, ಗೌರವದಿಂದಲೇ ಹೇಳುತ್ತೇನೆ. ‘ಅಭ್ಯಾಸ ಮಾಡಿಕೊಳ್ಳಿ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನಗೂ ಒಬ್ಬರು ಹಾಗೆ ಹೇಳಿ ಒರಟು ಬಟ್ಟೆಯಲ್ಲಿ ದಿನವೂ ಉಜ್ಜಿಸಿದರು. ಹತ್ತು ದಿನ ಕಣ್ಣು ಮುಚ್ಚಲಿಲ್ಲ. ನೋವು ತಡೆದಷ್ಟೂ ಒಳ್ಳೆಯದು ಅಂದರು. ಹನ್ನೊಂದನೇ ದಿನ ನಾನು ಹೋಗುವುದನ್ನೇ ಬಿಟ್ಟೆ.

ಮೆಲುಹೆಜ್ಜೆ

ಸರ್, ನಿಮಗೆ ಆದದ್ದು ತಪ್ಪು. ಅದನ್ನು ನಾನು ಸಮರ್ಥಿಸಲ್ಲ. ಕಣ್ಣೀರು ಬರುವಷ್ಟು ಉಜ್ಜಿದರೆ ನರಮಂಡಲ ಕಲಿಯೋದು ಒಂದೇ ಪಾಠ: ಸ್ಪರ್ಶ ಅಪಾಯ. ನಾವು ಕಲಿಸಬೇಕಾದ್ದು ಅದಕ್ಕೆ ಉಲ್ಟಾ. ನನ್ನ ಅಳತೆ ಮಾರನೆಯ ದಿನ. ಅಭ್ಯಾಸ ಮಾಡುವಾಗ ಸ್ವಲ್ಪ ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಇಳಿದರೆ ಸರಿ. ರಾತ್ರಿ ನಿದ್ದೆ ಕೆಡಿಸಿ ಮರುದಿನವೂ ಉಳಿದರೆ ಅದು ಅತಿಯಾಯಿತು, ಅರ್ಧಕ್ಕೆ ಇಳಿಸಬೇಕು. ಅಲ್ಲದೆ ಸರ್ಪಸುತ್ತಿನ ನಂತರದ ನೋವಿಗೂ ಸಿಆರ್‌ಪಿಎಸ್‌ಗೂ ದಾರಿ ಒಂದೇ ಅಲ್ಲ. ನಿಮ್ಮ ಥರದ ನೋವಿಗೆ ಚರ್ಮದ ಮೇಲೆ ಅಂಟಿಸುವ 5% ಲಿಡೊಕೇನ್ (ಮರಗಟ್ಟಿಸುವ ಔಷಧಿ) ಪಟ್ಟಿ ಇದೆ, 12 ಗಂಟೆ ಹಾಕಿ 12 ಗಂಟೆ ತೆಗೆಯೋದು. ಡಾಕ್ಟರ್ ಹತ್ತಿರ ಕೇಳಿದ್ದೀರಾ?

ನಡುರಾತ್ರಿ

ಈಗ ಅದೇ ಹಾಕುತ್ತಿದ್ದೇನೆ. ಉರಿ ಹೋಗಿಲ್ಲ, ಆದರೆ ಅಂಗಿಗೂ ಚರ್ಮಕ್ಕೂ ನಡುವೆ ಒಂದು ಗೋಡೆ ಸಿಕ್ಕಿದೆ. ಮೊದಲ ಮಾತಿನಲ್ಲಿ ಕೋಪ ಇದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ನಿಮ್ಮ ಮೇಲಿನದಲ್ಲ.

ಕಾಲ್ದಾರಿ

ನನ್ನದು ಎರಡೂ ಪಾದ. ಸ್ಮಾಲ್ ಫೈಬರ್ ನ್ಯೂರೋಪಥಿ, ಅಂದರೆ ಸಣ್ಣ ನರತಂತುಗಳು ಹಾಳಾಗೋ ಕಾಯಿಲೆ. ರಾತ್ರಿ ಹೊದಿಕೆ ಪಾದಕ್ಕೆ ತಾಗಬಾರದು, ಹಾಗಂತ ಹೊರಗಿಟ್ಟರೆ ತಣ್ಣಗಾಗಿ ಉರಿ. ಕೊನೆಗೆ ಹಾಸಿಗೆಯ ಕಾಲ ಕಡೆ ಒಂದು ದೊಡ್ಡ ರಟ್ಟಿನ ಡಬ್ಬ ಅಡ್ಡ ಇಟ್ಟು, ಹೊದಿಕೆ ಅದರ ಮೇಲೆ ಬರೋ ಹಾಗೆ ಮಾಡಿದೆ. ಪಾದ ಒಳಗೆ ಬೆಚ್ಚಗಿರುತ್ತೆ, ಏನೂ ತಾಗಲ್ಲ. ಮೂರು ವರ್ಷದ ನಿದ್ದೆ ಆ ಡಬ್ಬ ಕೊಟ್ಟಿತು.

ಎರಡು ವಿಷಯ ಹೇಳಲೇಬೇಕು. ಮೊದಲನೇದು, ನನ್ನ ನರದ ಪರೀಕ್ಷೆ (ಕರೆಂಟ್ ಕೊಟ್ಟು ಮಾಡೋ ಎನ್‌ಸಿವಿ) ಮೂರು ಸಲವೂ ನಾರ್ಮಲ್. ‘ನಿಮಗೇನೂ ಇಲ್ಲ’ ಅಂದರು. ಆ ಪರೀಕ್ಷೆ ದಪ್ಪ ನರತಂತುಗಳನ್ನು ಮಾತ್ರ ನೋಡುತ್ತೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಬಿಸಿ, ತಂಪು, ನೋವು ಒಯ್ಯೋ ಸಣ್ಣ ತಂತುಗಳು ಅದರಲ್ಲಿ ಕಾಣಲ್ಲ. ಕಾಲಿನ ಚರ್ಮದಿಂದ 3 ಮಿಲಿಮೀಟರ್ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ತಂತು ಎಣಿಸಿದಾಗ ಎಷ್ಟು ಕಡಿಮೆ ಇವೆ ಅಂತ ಸಿಕ್ಕಿತು. ಕೆಟ್ಟ ಸುದ್ದಿ ಕೇಳಿ ಸಮಾಧಾನ ಆಗೋದು ಅಂದರೇನು ಅಂತ ಅವತ್ತು ಗೊತ್ತಾಯಿತು.

ಎರಡನೇದು ಇನ್ನೂ ಮುಖ್ಯ. ಸವರಿದರೆ ಉರಿಯೋ ಅದೇ ಚರ್ಮಕ್ಕೆ ನಿಜವಾದ ಬಿಸಿ ಗೊತ್ತಾಗದೆ ಇರಬಹುದು. ಚಳಿ ಅಂತ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ, ಬೆಳಿಗ್ಗೆ ನೋಡಿದರೆ ಹಿಮ್ಮಡಿ ಬೊಬ್ಬೆ. ನೋವೇ ಆಗಿರಲಿಲ್ಲ. ನೀರಿನ ಬಿಸಿಯನ್ನು ಯಾವತ್ತೂ ನೋವಿರೋ ಕೈಕಾಲಿನಿಂದ ನೋಡಬೇಡಿ. ಚೆನ್ನಾಗಿರೋ ಕೈಯ ಮೊಣಕೈಯಿಂದ ನೋಡಿ, ಇಲ್ಲವೇ ಥರ್ಮಾಮೀಟರ್ ಹಾಕಿ.

ಎಳೆಬಿಸಿಲು

ಇದನ್ನು ಎಲ್ಲರೂ ಓದಬೇಕು. ಬಿಸಿ, ತಂಪು, ಸ್ಪರ್ಶ ಒಂದೊಂದಕ್ಕೂ ನರದ ತುದಿಯಲ್ಲಿ ಬೇರೆ ಬೇರೆ ಬಾಗಿಲಿದೆ. ಬಿಸಿಯ ಒಂದು ಬಾಗಿಲು ಟಿಆರ್‌ಪಿವಿ1, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುತ್ತೆ. 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಅದನ್ನು ಕಂಡುಹಿಡಿಯಿತು. ತಂಪಿನ ಬಾಗಿಲು ಟಿಆರ್‌ಪಿಎಂ8 ಸಿಕ್ಕಿದ್ದು 2002ರಲ್ಲಿ. ಮೃದು ಸ್ಪರ್ಶಕ್ಕೆ ಪೀಜೋ2, ಅದು ಆರ್ಡೆಮ್ ಪಟಪೂಟಿಯನ್ ಅವರ ಕೆಲಸ, 2010. ಈ ಇಬ್ಬರಿಗೂ ಸೇರಿ 2021ರ ನೊಬೆಲ್ ಬಂತು. ಉರಿಯೂತ ಇದ್ದಾಗ ಬಿಸಿಯ ಬಾಗಿಲು 43ರ ತನಕ ಕಾಯೋದೇ ಇಲ್ಲ, ಮೈ ಬಿಸಿಗೇ ತೆರೆದುಕೊಳ್ಳಬಲ್ಲದು. ಬಿಸಿಯೇ ಇಲ್ಲದೆ ಬೆಂಕಿ ಇಟ್ಟಂತೆ ಅನಿಸೋದಕ್ಕೆ ಅದೂ ಒಂದು ಕಾರಣ.

ಪೀಜೋ2 ಹುಟ್ಟಿನಿಂದಲೇ ಕೆಲಸ ಮಾಡದ ಕೆಲವರಿದ್ದಾರೆ. ಉರಿಯೂತ ಬಂದ ಚರ್ಮವನ್ನು ಸವರಿದಾಗ ನಮಗೆಲ್ಲ ಆಗುವ ನೋವು ಅವರಿಗೆ ಆಗಲಿಲ್ಲ ಅಂತ 2018ರಲ್ಲಿ ತೋರಿಸಿದರು. ಅಂದರೆ ಇಬ್ಬನಿ ಅಕ್ಕನ ನೋವಿಗೆ ಪೆಟ್ಟಿನ ಬಾಗಿಲೇ ಬೇಕಿಲ್ಲ, ಮುದ್ದಿನ ಬಾಗಿಲಿಂದಲೇ ಒಳಗೆ ಬರಬಲ್ಲದು.

ಬೆಚ್ಚನೆ

ಕರುಳಿನ ಕ್ಯಾನ್ಸರ್‌ಗೆ ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ತೆಗೆದುಕೊಂಡವಳು ನಾನು. ತಂಪು ಅಂದರೆ ಏನು ಅಂತ ನನ್ನನ್ನು ಕೇಳಿ. ಫ್ರಿಜ್ ಬಾಗಿಲು ತೆಗೆದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ, ತಣ್ಣೀರು ಗುಟುಕರಿಸಿದರೆ ಗಂಟಲು ಮುಚ್ಚಿಕೊಂಡ ಹಾಗೆ. ಗಂಟಲಿನದು ಭಯಾನಕ. ಉಸಿರು ನಿಜವಾಗಿ ನಿಂತಿಲ್ಲ ಅಂತ ಮೊದಲೇ ಹೇಳಿರದಿದ್ದರೆ ನಾನು ಸತ್ತೇ ಹೋದೆ ಅಂದುಕೊಳ್ತಿದ್ದೆ. ನರ್ಸ್ ಹೇಳಿದ್ದರಿಂದ ಬಚಾವಾದೆ.

ಮನೆಯಲ್ಲಿ ಲೋಹ ಕಡಿಮೆ ಮಾಡಿ. ಒಂದೇ ಕೋಣೆಯಲ್ಲಿ ಇದ್ದರೂ ಲೋಹ ಕೈಯ ಬಿಸಿಯನ್ನು ಮರಕ್ಕಿಂತ ಬೇಗ ಎಳೆದುಕೊಳ್ಳುತ್ತೆ. ಬಾಗಿಲ ಹಿಡಿಗಳಿಗೆಲ್ಲ ಬಟ್ಟೆ ಸುತ್ತಿದೆ, ಫ್ರಿಜ್ ಪಕ್ಕದಲ್ಲಿ ಒಂದು ಜೊತೆ ಕೈಗವಸು ನೇತುಹಾಕಿದೆ. ಸಣ್ಣ ಕೆಲಸಗಳು, ಆದರೆ ದಿನಕ್ಕೆ ನಲವತ್ತು ಸಲ ಬೆಚ್ಚಿಬೀಳೋದು ನಾಲ್ಕಕ್ಕೆ ಇಳೀತು.

ಇಬ್ಬನಿ

ಒಂದು ಅನುಮಾನ. ನನಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದಾರೆ. ಚೀಟಿ ನೋಡಿದ ನಮ್ಮವರೊಬ್ಬರು ‘ಇದು ಡಿಪ್ರೆಶನ್ ಮಾತ್ರೆ, ನೋಡಿದೆಯಾ, ಡಾಕ್ಟರಿಗೂ ಗೊತ್ತು ಇದು ಮನಸ್ಸಿನದು ಅಂತ’ ಅಂದುಬಿಟ್ಟರು. ಅವತ್ತಿನಿಂದ ಮಾತ್ರೆ ಬಾಯಿಗೆ ಹಾಕೋಕೆ ಮನಸ್ಸಿಲ್ಲ.

ಕಾಲ್ದಾರಿ

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾನು ಪ್ರಿಗ್ಯಾಬಲಿನ್ (ಅದೂ ನರದ ನೋವಿನ ಮಾತ್ರೆ) ಒಂದೇ ದಿನಕ್ಕೆ ಬಿಟ್ಟು ಒಂದು ವಾರ ಬೆವರಿ, ನಡುಗಿ, ನಿದ್ದೆಯಿಲ್ಲದೆ ಒದ್ದಾಡಿದೆ. ಇಂಥ ಮಾತ್ರೆಗಳನ್ನು ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು.

ಎಳೆಬಿಸಿಲು

ಅಕ್ಕಾ, ಖಿನ್ನತೆಗೆ ಕೊಡೋದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ ನರದ ನೋವಿಗೆ ಕೊಡ್ತಾರೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ಬರೋ, ನೋವನ್ನು ತಗ್ಗಿಸೋ ದಾರಿಗಳಿವೆ. ಈ ಔಷಧಿ ಅವುಗಳಿಗೆ ಬಲ ಕೊಡುತ್ತೆ. ಡುಲೊಕ್ಸೆಟಿನ್ ಕೂಡ ಹಾಗೇ. ಮನಸ್ಸಿನ ರೋಗ ಅಂತ ಕೊಟ್ಟದ್ದಲ್ಲ. ಬಾಯಿ ಒಣಗೋದು, ಬೆಳಿಗ್ಗೆ ಮಂಪರು ಇರುತ್ತೆ. ಬೆವರು ಕಡಿಮೆ ಆಗಬಹುದು, ಹಾಗಾಗಿ ಸೆಕೆಯಲ್ಲಿ ಹುಷಾರು.

ಆ ನಿಮ್ಮವರಿಗೆ ಒಂದು ವಿಷಯ ಹೇಳಿ. 1896ರಲ್ಲಿ ಥುನ್‌ಬರ್ಗ್ ಎಂಬ ಸ್ವೀಡನ್ನಿನ ವಿಜ್ಞಾನಿ ತೋರಿಸಿದ್ದು: ಬೆಚ್ಚಗಿನ ಮತ್ತು ತಂಪು ಕಂಬಿಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿ ಅಂಗೈ ಇಟ್ಟರೆ ಅನೇಕರಿಗೆ ಸುಟ್ಟಂತೆ ಅನಿಸುತ್ತೆ. 20 ಡಿಗ್ರಿ, 40 ಡಿಗ್ರಿ, ಎರಡೂ ಸುಡುವಂಥದ್ದಲ್ಲ. ಆರೋಗ್ಯವಂತರ ನರಮಂಡಲವೇ ಸುಡದ ವಸ್ತುವಿನಿಂದ ಸುಟ್ಟ ಅನುಭವ ಹುಟ್ಟಿಸಬಲ್ಲದು. ಅವರೆಲ್ಲ ಸುಳ್ಳು ಹೇಳ್ತಿದಾರಾ?

ಜೊತೆಗಾರ

ಮಗಳ ಪ್ರಶ್ನೆ ಹಿಂದೆ ಬಿತ್ತು ಅನಿಸ್ತು, ಅದಕ್ಕೆ ಮತ್ತೆ ಬಂದೆ. ನಮ್ಮ ಮಗ ಐದು ವರ್ಷದವನಿದ್ದಾಗ ನನ್ನ ಹೆಂಡತಿ ಅವನಿಗೆ ಹೀಗೆ ಹೇಳಿದ್ದಳು. ‘ಒಂದು ಮನೇಲಿ ಒಂದು ನಾಯಿ ಇತ್ತು. ಒಂದು ರಾತ್ರಿ ಕಳ್ಳ ಬಂದ. ನಾಯಿ ಬೊಗಳಿ ಬೊಗಳಿ ಅವನನ್ನು ಓಡಿಸಿತು. ಆದರೆ ಅದಕ್ಕೆ ಎಷ್ಟು ಭಯ ಆಗಿತ್ತು ಅಂದರೆ, ಆಮೇಲೆ ಎಲೆ ಬಿದ್ದರೂ ಬೊಗಳೋದು, ಚಿಟ್ಟೆ ಬಂದರೂ ಬೊಗಳೋದು. ಅಮ್ಮನ ಮೈಯೊಳಗೆ ಆ ನಾಯಿ ಇದೆ. ನೀನು ಚಿಟ್ಟೆ. ನಿಂದೇನೂ ತಪ್ಪಿಲ್ಲ.’ ಅವನಿಗೆ ಈಗ ಹನ್ನೆರಡು. ಇವತ್ತಿಗೂ ‘ನಿಂದೇನೂ ತಪ್ಪಿಲ್ಲ’ ಅನ್ನೋ ಮಾತೇ ಅವನಿಗೆ ನೆನಪಿರೋದು.

ಮತ್ತೆ, ಮುಟ್ಟಬಾರದ ಜಾಗ ಹೇಳುವಾಗ ಮುಟ್ಟಬಹುದಾದ ಜಾಗವನ್ನೂ ಹೇಳಿ. ಬರೀ ‘ಇಲ್ಲಿ ಬೇಡ’ ಅಂದರೆ ಮಗುವಿಗೆ ಎಲ್ಲಾ ಕಡೆ ಬೇಡ ಅಂತಲೇ ಕೇಳಿಸುತ್ತೆ.

ಮೆಲುಹೆಜ್ಜೆ

ಎಡಗೈ ಪಕ್ಕಕ್ಕೆ ಒಂದು ದಿಂಬು ಇಟ್ಟುಕೊಂಡು, ಬಲಗಡೆಗೆ ಮಗಳನ್ನು ಕೂರಿಸಿಕೊಳ್ಳಿ. ನಿಮಗೆ ಜೋತುಬೀಳುವ ಭಯ ಇರಲ್ಲ. ನೀವು ಗಾಬರಿಯಾಗದೆ ಇದ್ದರೆ ಅವಳೂ ಗಾಬರಿಯಾಗಲ್ಲ.

ಇಬ್ಬನಿ (ಐದು ವಾರದ ನಂತರ)

ಇಷ್ಟು ದಿನ ಬರೆಯಲಿಲ್ಲ, ನಡುವೆ ಒಂದು ಕೆಟ್ಟ ವಾರ ಬಂತು. ಕೈ ಹಾಗೇ ಇದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ರೇಷ್ಮೆ ಬಟ್ಟೆಯ ಅಭ್ಯಾಸ ಮೊಣಕೈ ಕೆಳಗಿನಿಂದ ಶುರು ಮಾಡಿದ್ದೆ, ಈಗ ಮಣಿಕಟ್ಟಿಗೆ ನಾಲ್ಕು ಬೆರಳಷ್ಟು ಹತ್ತಿರ ಬಂದಿದೆ. ಮಾತ್ರೆ ಬಿಟ್ಟಿಲ್ಲ.

ಮಗಳಿಗೆ ನಾಯಿಯ ಕಥೆ ಹೇಳಿದೆ. ಸುಮ್ಮನೆ ಕೇಳಿ, ಆ ನಾಯಿಗೆ ಹೆಸರೇನು ಅಂದಳು. ನನಗೆ ಗೊತ್ತಿಲ್ಲ, ನೀನೇ ಇಡು ಅಂದೆ. ಇಟ್ಟಳು, ಅದು ನಮ್ಮಿಬ್ಬರ ಗುಟ್ಟು. ಬಲ ಭುಜ, ಬಲ ತೊಡೆ, ಬೆನ್ನು ಇವೆಲ್ಲ ಅವಳ ಜಾಗ ಅಂತ ಒಪ್ಪಂದ ಆಯ್ತು. ಗಟ್ಟಿಯಾಗಿ ಒತ್ತಬೇಕು, ಸವರಬಾರದು. ಈಗ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು ‘ಅದು ಮಲಗಿದೆಯಾ?’ ಅಂತ ಕೇಳ್ತಾಳೆ. ಮಲಗಿದೆ ಅಂದರೆ ಬಲಗಡೆಯಿಂದ ಬಂದು ಭುಜಕ್ಕೆ ಮುಖ ಒತ್ತಿ ಕೂರ್ತಾಳೆ. ಇಲ್ಲ ಅಂದ ದಿನ ನನ್ನ ಪಾದದ ಮೇಲೆ ತನ್ನ ಪಾದ ಇಟ್ಟುಕೊಂಡು ಪಕ್ಕದಲ್ಲಿ ಬರೀತಾಳೆ. ಅದು ಅವಳದೇ ಯೋಚನೆ, ನಾನು ಹೇಳಿಕೊಟ್ಟದ್ದಲ್ಲ. ಕೈ ಹಿಂದೆ ಕಟ್ಟೋದು ನಿಂತು ಹತ್ತು ದಿನ ಆಯ್ತು.

ಈಗ ಚಳಿ ಶುರುವಾಗ್ತಿದೆ. ಸ್ವೆಟರ್ ತೋಳಿನ ಒಳಗಿನ ಹೊಲಿಗೆ ಚುಚ್ಚುತ್ತೆ, ಹಾಕದಿದ್ದರೆ ಕೈ ನೀಲಿಗಟ್ಟುತ್ತೆ. ಏನು ಮಾಡ್ತೀರಿ ನೀವೆಲ್ಲ?

ಕಾಲ್ದಾರಿ

ಒಳಗೆ ಮೈಗೆ ಅಂಟುವ ತೆಳು ಹತ್ತಿ ತೋಳು ಹಾಕಿ, ತಿರುವಿ ಹಾಕಿ, ಹೊಲಿಗೆ ಹೊರಗೆ ಬರಲಿ. ಲೇಬಲ್ ಕತ್ತರಿಸಿಬಿಡಿ. ಹಾಕುವ ಮೊದಲು ಬಟ್ಟೆಯನ್ನು ಹೊಟ್ಟೆ ಹತ್ತಿರ ಇಟ್ಟುಕೊಂಡು ಐದು ನಿಮಿಷ ಬೆಚ್ಚಗೆ ಮಾಡಿ, ತಣ್ಣನೆ ಬಟ್ಟೆ ಒಳಗೆ ಕೈ ಹಾಕಬೇಡಿ.

ನಡುರಾತ್ರಿ

ತೋಳಿನ ಮೇಲೆ ಸ್ವೆಟರ್ ಎಳೆದುಕೊಳ್ಳಬೇಡಿ ತಂಗಿ, ಮುಂದೆ ಗುಂಡಿ ಇರುವುದು ತೆಗೆದುಕೊಳ್ಳಿ. ನೋವಿರುವ ಕೈ ಮೊದಲು ಹಾಕಿ, ಬಿಚ್ಚುವಾಗ ಕೊನೆಗೆ ಬಿಚ್ಚಿ. ಗುಂಡಿ ಹಾಕುವ ಕೆಲಸ ಮಗಳಿಗೆ ಕೊಡಿ.